ನೆನಪು ಕಟ್ಟಿಕೊಳ್ಳುವ ಪರಿ

ಮನೋವಿಜ್ಞಾನ ನೆನಪನ್ನು ಮೂರು ಕೆಲಸಗಳಾಗಿ ಬಿಡಿಸಿ ನೋಡುತ್ತದೆ. ಕಂಡದ್ದು ಕೇಳಿದ್ದನ್ನು ಮಿದುಳು ತನಗೆ ಒಗ್ಗುವ ರೂಪಕ್ಕೆ ತಂದುಕೊಳ್ಳುವುದು ಸಂಕೇತೀಕರಣ, ಅದನ್ನು ಉಳಿಸಿಕೊಳ್ಳುವುದು ಧಾರಣ, ಬೇಕಾದಾಗ ಹೊರತೆಗೆಯುವುದು ಪುನಃಸ್ಮರಣೆ. ಪರೀಕ್ಷೆಯಲ್ಲಿ ಎಷ್ಟು ತಡಕಾಡಿದರೂ ಸಿಗದ ಉತ್ತರ ಕೊಠಡಿಯಿಂದ ಹೊರಬಂದೊಡನೆ ಹೊಳೆಯಿತೆಂದರೆ, ಧಾರಣ ಸರಿಯಾಗಿಯೇ ಇತ್ತು, ಎಡವಿದ್ದು ಪುನಃಸ್ಮರಣೆ.

ನೆನಪನ್ನು ಅಳೆಯಬಹುದೆಂದು ತೋರಿಸಿಕೊಟ್ಟವರು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್. ಅರ್ಥವುಳ್ಳ ಪದ ಹಳೆಯ ನೆನಪುಗಳನ್ನು ಎಳೆದು ತರುತ್ತದೆಂದು ಅವರು ಅರ್ಥವಿಲ್ಲದ ಸುಮಾರು 2,300 ಪದಾಂಶಗಳನ್ನು ಹೊಸೆದು, ತಾವೇ ಬಾಯಿಪಾಠ ಮಾಡಿದರು. ಮರಳಿ ಕಲಿಯುವಾಗ ಎಷ್ಟು ಶ್ರಮ ಉಳಿಯಿತು ಎಂಬುದೇ ಅವರ ಅಳತೆಗೋಲು. 1885ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ ಆ ಉಳಿತಾಯ 20 ನಿಮಿಷದ ಬಳಿಕ ಶೇ 58, ಒಂದು ದಿನದ ಬಳಿಕ ಸುಮಾರು ಶೇ 34, ಒಂದು ತಿಂಗಳ ಬಳಿಕ ಶೇ 21. ಮೊದಲು ಸರ್ರನೆ ಇಳಿದು ಆಮೇಲೆ ನಿಧಾನವಾಗುವ ಇದೇ ಮರೆವಿನ ವಕ್ರರೇಖೆ. ಇದಕ್ಕೆ ಮದ್ದೂ ಇದೆ. ಪಾಠವನ್ನು ಮತ್ತೆ ಮತ್ತೆ ಓದಿದವರಿಗಿಂತ, ಪುಸ್ತಕ ಮುಚ್ಚಿ ನೆನಪಿಸಿಕೊಂಡು ಬರೆದವರಿಗೆ ವಾರದ ನಂತರ ಹೆಚ್ಚು ಉಳಿದಿತ್ತೆಂದು 2006ರಲ್ಲಿ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ ತೋರಿಸಿದರು. ವಿದ್ಯಾರ್ಥಿಗಳಿಗೆ ಮನೋವಿಜ್ಞಾನ ಕೊಟ್ಟಿರುವ ಅತ್ಯಂತ ಉಪಯುಕ್ತ ತಿಳಿವಳಿಕೆ ಇದೇ ಇರಬೇಕು.

ಧಾರಣದಲ್ಲೂ ಹಂತಗಳಿವೆ. ಇಂದ್ರಿಯಕ್ಕೆ ತಾಗಿದ್ದು ಕ್ಷಣಮಾತ್ರ ನಿಲ್ಲುವುದು ಸಂವೇದನಾ ಸ್ಮೃತಿ. ಅದರಲ್ಲಿ ಗಮನ ಹರಿದಷ್ಟು ಅಲ್ಪಾವಧಿ ಸ್ಮೃತಿಗೆ ದಾಟುತ್ತದೆ. ಅಲ್ಲಿ ಏಳು, ಒಂದೆರಡು ಹೆಚ್ಚು ಕಡಿಮೆ, ಅಂಶಗಳಿಗೆ ಜಾಗವಿದೆ ಎಂದು 1956ರಲ್ಲಿ ಜಾರ್ಜ್ ಮಿಲ್ಲರ್ ಬರೆದರು. ಈಚಿನ ಅಂದಾಜು ನಾಲ್ಕರ ಆಸುಪಾಸು. ಬಿಡಿ ಅಂಕಿಗಳನ್ನು ಗುಚ್ಛ ಮಾಡಿಕೊಂಡರೆ ಹೆಚ್ಚು ಹಿಡಿಸುತ್ತದೆ. ಮೊಬೈಲ್ ಸಂಖ್ಯೆಯನ್ನು ಜನ ಐದೈದಾಗಿ ಒಡೆದು ಹೇಳುವುದು ಅದಕ್ಕೇ.

ಅದನ್ನೂ ದಾಟಿ ಬಹುಕಾಲ ಉಳಿಯುವ ದೀರ್ಘಾವಧಿ ಸ್ಮೃತಿಯ ಒಳರಚನೆ ತಿಳಿದದ್ದು ಒಬ್ಬ ರೋಗಿಯಿಂದ. ಅಮೆರಿಕದ ಹೆನ್ರಿ ಮೊಲೈಸನ್‌ಗೆ ತೀವ್ರ ಮೂರ್ಛೆರೋಗವಿತ್ತು. 1953ರಲ್ಲಿ, ಅವರ 27ನೇ ವಯಸ್ಸಿನಲ್ಲಿ, ಶಸ್ತ್ರವೈದ್ಯ ವಿಲಿಯಂ ಸ್ಕೊವಿಲ್ ಮಿದುಳಿನ ಎರಡೂ ಬದಿಯ ಹಿಪೊಕ್ಯಾಂಪಸ್ಸಿನ ದೊಡ್ಡ ಭಾಗವನ್ನು ತೆಗೆದರು. ಮೂರ್ಛೆ ಕಡಿಮೆಯಾಯಿತು, ಆದರೆ ಹೊಸ ನೆನಪು ಮೂಡುವುದೇ ನಿಂತುಹೋಯಿತು. ಬಾಲ್ಯ ನೆನಪಿತ್ತು, ಬುದ್ಧಿ ಕುಂದಿರಲಿಲ್ಲ. ವರ್ಷಗಟ್ಟಲೆ ತಮ್ಮನ್ನು ಪರೀಕ್ಷಿಸಿದ ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಮಾತ್ರ ಅವರಿಗೆ ಪ್ರತಿಸಲವೂ ಅಪರಿಚಿತರೇ. ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಗೆರೆ ತಿದ್ದುವ ಕೆಲಸವನ್ನು ಮಿಲ್ನರ್ ಕೊಟ್ಟಾಗ ದಿನದಿಂದ ದಿನಕ್ಕೆ ಮೊಲೈಸನ್‌ರ ಕೈ ಪಳಗಿತು, ಹಿಂದೆಂದಾದರೂ ಅದನ್ನು ಮಾಡಿದ್ದು ಮಾತ್ರ ಅವರಿಗೆ ಗೊತ್ತೇ ಇರಲಿಲ್ಲ. ಸಂಗತಿಗಳ ನೆನಪು ಬೇರೆ, ಕೈಗೂಡಿದ ಕೌಶಲದ ನೆನಪು ಬೇರೆ ಎಂಬುದು ಹೀಗೆ ಖಚಿತವಾಯಿತು. 2008ರಲ್ಲಿ ತೀರಿಕೊಳ್ಳುವವರೆಗೂ ಅವರು ಸಂಶೋಧನೆಗೆ ಸಹಕರಿಸುತ್ತಲೇ ಇದ್ದರು. ಈ ವಿಜ್ಞಾನ ಅವರಿಗೆ ತೀರಿಸಲಾಗದಷ್ಟು ಋಣಿ.

ಇನ್ನು ಪುನಃಸ್ಮರಣೆ. ಇಟ್ಟದ್ದನ್ನು ಇಟ್ಟ ಹಾಗೆಯೇ ತೆಗೆಯುತ್ತೇವೆಂಬ ನಂಬಿಕೆಯನ್ನು ಕೇಂಬ್ರಿಜ್‌ನ ಫ್ರೆಡ್ರಿಕ್ ಬಾರ್ಟ್ಲೆಟ್ 1932ರ ಪುಸ್ತಕದಲ್ಲಿ ಅಲುಗಾಡಿಸಿದರು. ಅಮೆರಿಕದ ಮೂಲನಿವಾಸಿಗಳ ಕಥೆಯೊಂದನ್ನು ಓದಿದ ಇಂಗ್ಲಿಷರು ಅದನ್ನು ನೆನಪಿನಿಂದ ಹೇಳುವಾಗ ಸೀಲ್ ಬೇಟೆಯನ್ನು ಮೀನುಗಾರಿಕೆ ಮಾಡಿಬಿಟ್ಟರು. ಮೊದಲೇ ಮನಸ್ಸಿನಲ್ಲಿರುವ ತಿಳಿವಳಿಕೆಯ ಚೌಕಟ್ಟಿಗೆ, ಅಂದರೆ ಸ್ಕೀಮಾಕ್ಕೆ, ತಕ್ಕಂತೆ ಕಥೆ ಬದಲಾಗಿತ್ತು.

ಆಮೇಲೆ ಕೇಳುವ ಪ್ರಶ್ನೆಯೂ ನೆನಪನ್ನು ಬದಲಿಸಬಲ್ಲದು. 1974ರಲ್ಲಿ ಮನೋವಿಜ್ಞಾನಿಗಳಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಲನಚಿತ್ರ ತುಣುಕುಗಳನ್ನು ತೋರಿಸಿದರು. ಕಾರುಗಳು ಒಂದನ್ನೊಂದು 'ಅಪ್ಪಳಿಸಿದಾಗ' ವೇಗವೆಷ್ಟಿತ್ತು ಎಂದು ಕೇಳಿದರೆ ಸರಾಸರಿ ಉತ್ತರ ಗಂಟೆಗೆ 40.5 ಮೈಲಿ, 'ತಾಗಿದಾಗ' ಎಂದರೆ 31.8. ಇನ್ನೊಂದು ಪ್ರಯೋಗದಲ್ಲಿ, ವಾರದ ನಂತರ, ಒಡೆದ ಗಾಜು ಕಂಡಿರಾ ಎಂದು ವಿಚಾರಿಸಲಾಯಿತು. ಚಿತ್ರದಲ್ಲಿ ಗಾಜು ಒಡೆದೇ ಇರಲಿಲ್ಲ. ಆದರೂ 'ಅಪ್ಪಳಿಸಿದಾಗ' ಎಂಬ ಪ್ರಶ್ನೆ ಕೇಳಿಸಿಕೊಂಡಿದ್ದ 50 ಮಂದಿಯಲ್ಲಿ 16 ಮಂದಿ ಹೌದು ಎಂದರು. 'ಡಿಕ್ಕಿಯಾದಾಗ' ಎಂದು ಕೇಳಿಸಿಕೊಂಡಿದ್ದ 50ರಲ್ಲಿ ಹಾಗೆಂದವರು 7. ಅವರು ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಕಂಡದ್ದಕ್ಕೆ ಕೇಳಿದ್ದು ಬೆರೆತು ಒಂದೇ ನೆನಪಾಗಿತ್ತು.

ಸಾಕ್ಷಿಯ ಮಾತಿನ ಮೇಲೆ ಒಬ್ಬರ ಸ್ವಾತಂತ್ರ್ಯ ನಿಂತಿರುವಾಗ ಇದು ಸಣ್ಣ ವಿಷಯವಲ್ಲ. ಇಂಥ ಸಂಶೋಧನೆಗಳನ್ನು ವಿವರವಾಗಿ ಪರಿಶೀಲಿಸಿದ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಸುಪ್ರೀಂ ಕೋರ್ಟ್, ಪ್ರತ್ಯಕ್ಷದರ್ಶಿಗಳು ಆರೋಪಿಯನ್ನು ಗುರುತಿಸುವುದರಲ್ಲಿರುವ ತಪ್ಪಿನ ಸಾಧ್ಯತೆಗಳನ್ನು ನ್ಯಾಯಾಧೀಶರು ಜ್ಯೂರಿಗೆ ತಿಳಿಸಿಹೇಳಬೇಕೆಂದು 2011ರಲ್ಲಿ ತೀರ್ಪು ನೀಡಿತು.