ಒಗ್ಗರಣೆ ಡಬ್ಬಿಯಲ್ಲಿ ಹಣ್ಣುಗಳಿವೆ, ಗೊತ್ತಾ?

ಕೊತ್ತಂಬರಿ ಬಿತ್ತುವ ಮೊದಲು ಕಾಳನ್ನು ಉಜ್ಜಿ ಎರಡು ಹೋಳು ಮಾಡುವುದು ಕೈತೋಟ ಇರುವವರಿಗೆಲ್ಲ ಗೊತ್ತು. ಹೋಳು ಮಾಡಿದ ಮೇಲೂ ಎರಡೂ ಭಾಗ ಮೊಳೆಯುತ್ತವೆ. ಅದು ಹೇಗೆ? ಯಾಕಂದ್ರೆ ನಾವು ಕೊತ್ತಂಬರಿ ಬೀಜ ಅನ್ನೋದು ನಿಜವಾಗಿ ಬೀಜವಲ್ಲ, ಒಣಗಿದ ಹಣ್ಣು. ಅದರೊಳಗೆ ಎರಡು ಬೀಜಗಳಿರುತ್ತವೆ, ಹೋಳಿಗೊಂದರಂತೆ.

ಜೀರಿಗೆ, ಸೋಂಪು, ಓಂಕಾಳು, ಸಬ್ಬಸಿಗೆ ಕಾಳು ಕೂಡ ಹೀಗೇ. ಇವೆಲ್ಲ ಕ್ಯಾರೆಟ್ ಕುಟುಂಬದವು. ಇಂಗಿನ ಗಿಡವೂ ಇದೇ ಬಳಗ. ಪ್ರಪಂಚದಲ್ಲಿ ಈ ಕುಟುಂಬದ ಮೂರೂವರೆ ಸಾವಿರಕ್ಕೂ ಹೆಚ್ಚು ಜಾತಿಗಳಿವೆ.

ನನ್ನ ಕೆಲಸ ಸಾಫ್ಟ್‌ವೇರ್. ಸಾವಿರಾರು ದಾಖಲೆಗಳನ್ನು ವಿಂಗಡಿಸಬೇಕಾದಾಗ ಎಲ್ಲದರಲ್ಲೂ ಒಂದೇ ಮಾಹಿತಿ ಇರುವ ಕಾಲಂ ಹಿಡಿದು ಕೂತರೆ ಪ್ರಯೋಜನವಿಲ್ಲ. ಸಸ್ಯತಜ್ಞರಿಗೂ ಇಲ್ಲಿ ಅದೇ ತೊಂದರೆ. ಈ ಕುಟುಂಬದ ಹೆಚ್ಚಿನ ಗಿಡಗಳಲ್ಲಿ ಬಿಚ್ಚಿದ ಕೊಡೆಯಂಥ ಗೊಂಚಲು, ಅದರಲ್ಲಿ ಐದೆಸಳಿನ ಪುಟ್ಟ ಹೂಗಳು. ಎಲೆಗಳೂ ಒಂದನ್ನೊಂದು ಹೋಲುತ್ತವೆ. ವ್ಯತ್ಯಾಸ ಚೆನ್ನಾಗಿ ಕಾಣುವುದು ಹಣ್ಣಿನಲ್ಲಿ. ಆಕ್ಸ್‌ಫರ್ಡ್‌ನಲ್ಲಿದ್ದ ಸಸ್ಯವಿಜ್ಞಾನಿ ರಾಬರ್ಟ್ ಮಾರಿಸನ್ 1672ರಲ್ಲಿ ಈ ಒಂದೇ ಕುಟುಂಬದ ಬಗ್ಗೆ ಪುಸ್ತಕ ಬರೆದು, ಹಣ್ಣನ್ನೇ ಆಧಾರವಾಗಿಟ್ಟು ಗಿಡಗಳನ್ನು ವಿಂಗಡಿಸಿದರು.

ಹಣ್ಣಿನಲ್ಲಿ ನೋಡೋದೇನು? ಸೋಂಪನ್ನೇ ತಗೊಳ್ಳಿ. ಒಂದೊಂದು ಹೋಳಿನ ಮೇಲೂ ಉದ್ದಕ್ಕೆ ಐದು ಏಣುಗಳು. ಏಣುಗಳ ನಡುವಿನ ತಗ್ಗುಗಳಲ್ಲಿ ನಾಲ್ಕು ಎಣ್ಣೆ ನಾಳಗಳು, ಹೋಳುಗಳು ಕೂಡುವ ಚಪ್ಪಟೆ ಮುಖದಲ್ಲಿ ಇನ್ನೆರಡು. ಸೋಂಪಿನ ಘಮವೆಲ್ಲ ಈ ನಾಳಗಳಲ್ಲಿ ಅಡಗಿದೆ. ಕೊತ್ತಂಬರಿಯಲ್ಲಾದರೆ ಬಲಿತ ಮೇಲೆ ಎದ್ದು ಕಾಣುವುದು ಒಳಮುಖದ ಎರಡು ನಾಳಗಳು ಮಾತ್ರ. ಜೀರಿಗೆಯ ಮೈಮೇಲೆ ಸಣ್ಣ ರೋಮಗಳಿವೆ. ಸಬ್ಬಸಿಗೆ ಕಾಳು ಚಪ್ಪಟೆ, ಅಂಚಿನ ಏಣುಗಳು ತೆಳು ರೆಕ್ಕೆಯ ಹಾಗೆ. ಕಾಡು ಕ್ಯಾರೆಟ್ಟಿನ ಹಣ್ಣಿಗೆ ಮುಳ್ಳುಗಳಿವೆ. ಪ್ರಾಣಿಗಳ ಕೂದಲಿಗೆ ಅಂಟಿಕೊಂಡು ಊರೂರು ತಿರುಗಲು ಅನುಕೂಲ.

ಇದು ಬರೀ ಪಾಂಡಿತ್ಯದ ಮಾತಲ್ಲ, ಜೀವದ ಪ್ರಶ್ನೆಯೂ ಹೌದು. ಕ್ರಿ.ಪೂ. 399ರಲ್ಲಿ ಸಾಕ್ರೆಟಿಸ್‌ಗೆ ಕುಡಿಸಿದ ಹೆಮ್ಲಾಕ್ ವಿಷವೂ ಇದೇ ಕುಟುಂಬದ್ದು. ಯುರೋಪಿನಲ್ಲಿ ಕಳೆಯಂತೆ ಬೆಳೆಯುವ ಈ ಗಿಡದ ಎಲೆ ಪಾರ್ಸ್ಲಿಯಂತೆ ಕಾಣುತ್ತದೆ. ಆದರೆ ಅದರ ಹಣ್ಣಿನ ಏಣುಗಳು ಅಲೆಅಲೆಯಾಗಿರುತ್ತವೆ, ಬಲಿತ ಹಣ್ಣನ್ನು ಕೊಯ್ದರೆ ಎಣ್ಣೆ ನಾಳಗಳು ಕಾಣಿಸುವುದಿಲ್ಲ. ಸೂಕ್ಷ್ಮದರ್ಶಕದ ಕೆಳಗೆ ಗುಟ್ಟು ರಟ್ಟು!

ಹಾಗಂತ ಹಣ್ಣು ಎಲ್ಲ ಸತ್ಯವನ್ನೂ ಹೇಳುತ್ತಾ? ಇಲ್ಲ. 1898ರ ಹೊತ್ತಿಗೆ ಜರ್ಮನಿಯ ಡ್ರೂಡೆ ಹಣ್ಣಿನ ರಚನೆಯ ಮೇಲೆ ಕಟ್ಟಿದ ವರ್ಗೀಕರಣ ಸುಮಾರು ನೂರು ವರ್ಷ ನಡೆಯಿತು. 1990ರ ದಶಕದಲ್ಲಿ ಡಿಎನ್‌ಎ ಪರೀಕ್ಷೆಗಳು ಬಂದಾಗ ಅದರ ಹಲವು ಗುಂಪುಗಳು ಒಡೆದುಹೋದವು. ಗಾಳಿಯಲ್ಲಿ ಹಾರಲು ರೆಕ್ಕೆ, ಪ್ರಾಣಿಗೆ ಅಂಟಲು ಮುಳ್ಳು – ಇವು ಬೇರೆ ಬೇರೆ ವಂಶಗಳಲ್ಲಿ ಮತ್ತೆ ಮತ್ತೆ ಹುಟ್ಟಿದ್ದವು. ಒಂದೇ ಯೂನಿಫಾರ್ಮ್ ಹಾಕಿದವರೆಲ್ಲ ಅಣ್ಣ-ತಮ್ಮಂದಿರಲ್ಲವಲ್ಲ!

ನಮ್ಮ ತಂಬುಳಿಯ ಒಂದೆಲಗದ್ದೂ ಇಂಥದ್ದೇ ಕಥೆ. ಹಣ್ಣಿನ ಒಳಪದರ ಕಟ್ಟಿಗೆಯಂತೆ ಗಟ್ಟಿ ಅಂತ ಅದನ್ನು ಹೈಡ್ರೊಕೋಟೈಲ್ ಗಿಡಗಳ ಜೊತೆ ಸೇರಿಸಿದ್ದರು. ಡಿಎನ್‌ಎ ನೋಡಿದ ಮೇಲೆ ಹೈಡ್ರೊಕೋಟೈಲ್ ಬೇರೆ ಕುಟುಂಬಕ್ಕೆ ಹೋಯಿತು, ಒಂದೆಲಗ ಕ್ಯಾರೆಟ್ ಮನೆಯಲ್ಲೇ ಉಳಿಯಿತು.

ಅಂದ್ರೆ ಗಿಡ ಯಾವುದು ಅನ್ನೋದು ಒಂದು ಪ್ರಶ್ನೆ, ಯಾರ ಸಂಬಂಧಿ ಅನ್ನೋದು ಇನ್ನೊಂದು. ಎರಡನೆಯದಕ್ಕೆ ಡಿಎನ್‌ಎ ಬೇಕು. ಮೊದಲನೆಯದಕ್ಕೆ ಬಲಿತ ಹಣ್ಣಿನಷ್ಟು ಒಳ್ಳೆಯ ಸಾಕ್ಷಿ ಇಂದಿಗೂ ಕಡಿಮೆ.

ರಜೆಯಲ್ಲಿ ಮಕ್ಕಳಿದ್ದರೆ ಒಂದು ಕೆಲಸ ಮಾಡಿ. ನಾಲ್ಕು ಕಾಳು ಸೋಂಪನ್ನು ರಾತ್ರಿ ನೆನೆಹಾಕಿ. ಬೆಳಿಗ್ಗೆ ನೀವೇ ಬ್ಲೇಡಿನಿಂದ ಅಡ್ಡಡ್ಡ ತೆಳುವಾಗಿ ಕೊಯ್ದು, ಭೂತಗನ್ನಡಿ ಮಕ್ಕಳ ಕೈಗೆ ಕೊಡಿ. ಕಂದು ಚುಕ್ಕೆಗಳಂತೆ ಕಾಣುವುದೇ ಎಣ್ಣೆ ನಾಳ. ಹೋಳಿಗೆ ಆರು ಸಿಗುತ್ತವಾ, ಎಣಿಸಲಿ.