ಹಳೆಯ ರೇಡಿಯೊದ ಸವೆದ ಸ್ವಿಚ್ಚು

1950ರ ಜನವರಿ 8ರಂದು ಧಾರವಾಡದಲ್ಲಿ ಆಕಾಶವಾಣಿ ಕೇಂದ್ರ ಆರಂಭಗೊಂಡಿತು. ಆ ಕಾಲದ ವಾಲ್ವ್ ರೇಡಿಯೊಗಳನ್ನು ಮತ್ತೆ ನುಡಿಸಬಯಸುವವರು ಇಂದಿಗೂ ಇದ್ದಾರೆ. ಇಂಡಿ ಭಾಗದ ಹೊರ್ತಿಯಂತಹ ಊರಿನ ದುರಸ್ತಿಗಾರನ ಬಳಿ ಇಂಥ ಪೆಟ್ಟಿಗೆ ಬಂದರೆ, ಬ್ಯಾಂಡ್ ಬದಲಿಸುವ ಸ್ವಿಚ್ಚಿನತ್ತ ಮೊದಲು ಗಮನ ಹರಿಸುವುದು ಲೇಸು.

ಗುಂಡಿ ತಿರುಗಿಸಿದಾಗ ಕರಕರ ಸದ್ದು ಬಂದರೆ ಸ್ವಿಚ್ಚು ಕೆಟ್ಟಿದೆಯೆಂದು ತೀರ್ಮಾನಿಸಬಾರದು. ಅದರ ಲೋಹದ ಎಸಳುಗಳಿಗೆ ಬೆಳ್ಳಿಯ ಲೇಪವಿದ್ದಲ್ಲಿ, ಗಾಳಿಯಲ್ಲಿನ ಗಂಧಕದ ಅಂಶದಿಂದ ಅವು ಕಪ್ಪಾಗುತ್ತವೆ. ಜೊತೆಗೆ ಧೂಳೂ ಒಣಗಿದ ಗ್ರೀಸೂ ಸೇರುತ್ತವೆ. ಕಾಂಟ್ಯಾಕ್ಟ್ ಕ್ಲೀನರನ್ನು ಮಿತವಾಗಿ ಹಾಕಿ ಹಲವು ಬಾರಿ ತಿರುಗಿಸಿದರೆ ಬಹಳಷ್ಟು ಸ್ವಿಚ್ಚುಗಳು ಸರಿಹೋಗುತ್ತವೆ. ಬಿಗಿ ತಪ್ಪಿದ ಎಸಳನ್ನು ಚಿಮಟದಿಂದ ಮೆಲ್ಲನೆ ಬಾಗಿಸಬಹುದು. ಆದರೆ ಮರಳು ಕಾಗದದಿಂದ ಉಜ್ಜುವುದು ಸಲ್ಲದು. ತೆಳುವಾದ ಲೇಪ ಒಮ್ಮೆ ಹೋದರೆ ದೋಷ ಬೇಗ ಮರುಕಳಿಸುತ್ತದೆ. ಅದೇ ಅಳತೆಯ ಬದಲಿ ಸ್ವಿಚ್ಚು ದೊರೆಯುವುದೂ ಕಷ್ಟ.

ವಿದ್ಯುತ್ ಪ್ರವಹಿಸುವ ಮುಖ್ಯ ಸ್ವಿಚ್ಚಿನ ವಿಷಯ ಬೇರೆ. ಅದರ ಸಂಪರ್ಕಗಳು ಸುಟ್ಟಿದ್ದರೆ, ತಕ್ಕ ವೋಲ್ಟೇಜು ಮತ್ತು ಆಂಪಿಯರಿನ ಹೊಸದನ್ನೇ ಅಳವಡಿಸಬೇಕು. ಪ್ಲಗ್ ತೆಗೆದ ಮೇಲೂ ಕೆಪಾಸಿಟರುಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರಬಹುದು. ಅದನ್ನು ರೆಸಿಸ್ಟರಿನ ಮೂಲಕ ಇಳಿಸಿ, ಮೀಟರಿನಿಂದ ಪರೀಕ್ಷಿಸಿದ ನಂತರವೇ ಕೈಹಾಕಬೇಕು.

ಈ ಕಸುಬಿನಲ್ಲಿ ಸಾಮಗ್ರಿಯ ಖರ್ಚು ಅಲ್ಪ, ವೇಳೆಯ ಖರ್ಚು ಅಧಿಕ. ಯಾವುದು ಉಳಿಯುತ್ತದೆ, ಯಾವುದನ್ನು ಬದಲಿಸಬೇಕು ಎಂಬುದನ್ನು ಗ್ರಾಹಕರಿಗೆ ಮೊದಲೇ ತಿಳಿಸಿ ದರ ನಿಗದಿಪಡಿಸಿದರೆ ಕೂಲಿಯೂ ದಕ್ಕುತ್ತದೆ, ನಂಬಿಕೆಯೂ ಉಳಿಯುತ್ತದೆ.