ಬಣ್ಣಗಾರರ ಮನೆತನದಿಂದ ಬಂದ ಹೊಸ ಕಲೆ: ಜಾರ್ಜ್ ಬ್ರಾಕ್‌ನ ‘ಹಣ್ಣಿನ ತಟ್ಟೆ ಮತ್ತು ಲೋಟ’

ಹಣ್ಣು, ಪಾತ್ರೆ, ಲೋಟ, ವಾದ್ಯ ಮೊದಲಾದ ಚಲನೆಯಿಲ್ಲದ ವಸ್ತುಗಳನ್ನು ಮೇಜಿನ ಮೇಲೆ ಜೋಡಿಸಿ ಬರೆಯುವ ಚಿತ್ರಪ್ರಕಾರಕ್ಕೆ ಸ್ಥಿರವಸ್ತು ಚಿತ್ರಣವೆಂದು ಹೆಸರು. ಪುರಾಣ ಮತ್ತು ಇತಿಹಾಸದ ಚಿತ್ರಗಳಿಗಿಂತ ಕೀಳೆಂದು ಯುರೋಪಿನ ಕಲಾ ಅಕಾಡೆಮಿಗಳು ಬಹುಕಾಲ ಎಣಿಸಿದ್ದ ಈ ಪ್ರಕಾರವೇ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆಧುನಿಕ ಕಲೆಯ ಪ್ರಯೋಗಶಾಲೆಯಾಯಿತು. ಫ್ರೆಂಚ್ ಕಲಾವಿದ ಜಾರ್ಜ್ ಬ್ರಾಕ್ 1912ರ ಸೆಪ್ಟೆಂಬರಿನಲ್ಲಿ ರಚಿಸಿದ ‘ಹಣ್ಣಿನ ತಟ್ಟೆ ಮತ್ತು ಲೋಟ’ ಆ ಪ್ರಯೋಗಗಳಲ್ಲಿ ಮಹತ್ವದ್ದು. ಅದರ ಹೊಸತನದ ಬೇರುಗಳು ಕಲಾಶಾಲೆಗಿಂತ ಆಳವಾಗಿ ಅವನ ಮನೆತನದ ಕಸುಬಿನಲ್ಲಿವೆ.

1882ರಲ್ಲಿ ಪ್ಯಾರಿಸ್ ಬಳಿಯ ಅರ್ಜಾಂತೈನಲ್ಲಿ ಹುಟ್ಟಿ ಲೆ ಹಾವ್ರ್ ಬಂದರು ಪಟ್ಟಣದಲ್ಲಿ ಬೆಳೆದ ಬ್ರಾಕ್‌ನ ತಂದೆಯೂ ತಾತನೂ ಮನೆಗಳಿಗೆ ಬಣ್ಣ ಬಳಿದು ಅಲಂಕಾರ ಮಾಡುವ ಕಸುಬಿನವರು. ಸಂಜೆ ಕಲಾಶಾಲೆಗೆ ಹೋಗುತ್ತಿದ್ದ ಅವನು ಇದೇ ಕಸುಬಿನಲ್ಲಿ ಪಳಗಿ, ಹಸಿ ಬಣ್ಣದ ಮೇಲೆ ಬಾಚಣಿಗೆ ಎಳೆದು ಮರದ ಎಳೆಗಳನ್ನು ಮೂಡಿಸುವುದನ್ನೂ, ಸಾಧಾರಣ ಗೋಡೆಯನ್ನು ಅಮೃತಶಿಲೆಯಂತೆ ಕಾಣಿಸುವುದನ್ನೂ ಕಲಿತನು.

ಕಲಾವಿದನಾಗಿ ಅವನು ಮೊದಲು ಒಲಿದದ್ದು ಫಾವಿಸಂಗೆ, ಅಂದರೆ ವಸ್ತುವಿನ ಸಹಜ ವರ್ಣವನ್ನು ಬದಿಗಿಟ್ಟು ಉಜ್ವಲ ಬಣ್ಣಗಳನ್ನು ಬಳಸಿದ ಪಂಥಕ್ಕೆ. 1907ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಚಿತ್ರಕಾರ ಪಾಲ್ ಸೆಜಾನ್‌ನ ಸ್ಮಾರಕ ಪ್ರದರ್ಶನ ಅವನ ದಾರಿಯನ್ನು ಬದಲಿಸಿತು. ಒಂದೇ ಮೇಜನ್ನು ಹಲವು ಕೋನಗಳಿಂದ ನೋಡಿದಂತೆ ಬರೆಯುತ್ತಿದ್ದ ಸೆಜಾನ್‌ನಿಂದ ವಸ್ತುವಿನ ರಚನೆಯನ್ನು ಹುಡುಕುವುದನ್ನು ಕಲಿತ ಬ್ರಾಕ್, ಮುಂದೆ ಕಲಾವಿದ ಪಾಬ್ಲೊ ಪಿಕಾಸೊನ ಜೊತೆಗೂಡಿ ರೂಪಗಳನ್ನು ಮುಖಮುಖವಾಗಿ ಒಡೆದು ಜೋಡಿಸುವ ಕ್ಯೂಬಿಸಂ, ಅಂದರೆ ಘನಾಕೃತಿವಾದವನ್ನು ಬೆಳೆಸಿದನು. ಆದರೆ ಈ ವಿಭಜನೆ ಮುಂದುವರಿದಂತೆ ಬೂದು ಮತ್ತು ಕಂದು ಬಣ್ಣಗಳ ನಡುವೆ ವಸ್ತುಗಳು ಗುರುತು ಸಿಗದಷ್ಟು ಕರಗತೊಡಗಿದವು. ಆಗ ಬ್ರಾಕ್ ತನ್ನ ಹಳೆಯ ಕಸುಬಿನತ್ತ ತಿರುಗಿ, ಬಣ್ಣಗಾರರ ಅಚ್ಚಿನ ಅಕ್ಷರಗಳನ್ನೂ ಬಾಚಣಿಗೆಯ ಎಳೆಗಳನ್ನೂ ಕ್ಯಾನ್ವಾಸಿಗೆ ತಂದನು. ಬಾಚಣಿಗೆಯ ಬಳಕೆಯನ್ನು ಪಿಕಾಸೊನೂ ಅವನಿಂದಲೇ ಕಲಿತನು.

1912ರ ಬೇಸಿಗೆಯಲ್ಲಿ ಇಬ್ಬರೂ ಆವಿನ್ಯೋಂ ಸಮೀಪದ ಸೋರ್ಗ್‌ನಲ್ಲಿದ್ದರು. ಪಿಕಾಸೊ ಪ್ಯಾರಿಸ್ಸಿಗೆ ಹೋಗಿದ್ದಾಗ ಬ್ರಾಕ್, ಆವಿನ್ಯೋಂನ ಅಂಗಡಿಯೊಂದರಲ್ಲಿ ಓಕ್ ಮರದ ಎಳೆಗಳನ್ನು ಮುದ್ರಿಸಿದ ಗೋಡೆ ಕಾಗದವನ್ನು ಕೊಂಡು, ಅದರ ಪಟ್ಟಿಗಳನ್ನು ಬಿಳಿ ಹಾಳೆಗೆ ಅಂಟಿಸಿ, ಇದ್ದಿಲಿನಿಂದ ದ್ರಾಕ್ಷಿಯ ತಟ್ಟೆಯನ್ನೂ ಲೋಟವನ್ನೂ ಬರೆದನು. ಕತ್ತರಿಸಿದ ಕಾಗದವನ್ನು ಅಂಟಿಸಿ ಚಿತ್ರ ಕಟ್ಟುವ ಈ ವಿಧಾನಕ್ಕೆ ಫ್ರೆಂಚಿನಲ್ಲಿ ‘ಪಾಪಿಯೆ ಕೊಲೆ’ ಎಂದು ಹೆಸರು. ಹೀಗೆ ಮೂಡಿದ ‘ಹಣ್ಣಿನ ತಟ್ಟೆ ಮತ್ತು ಲೋಟ’ವನ್ನು ಆ ವಿಧಾನದ ಮೊದಲ ಕೃತಿಯೆಂದು ಪರಿಗಣಿಸಲಾಗಿದೆ.

ಚಿತ್ರದ ಮೇಲ್ಭಾಗದ ಪಟ್ಟಿಗಳು ಕೋಣೆಯ ಮರದ ಹೊದಿಕೆಯನ್ನು ಸೂಚಿಸಿದರೆ, ಕೆಳಗಿನ ಪಟ್ಟಿ ಅದರ ಮೇಲೆ ಬರೆದ ಒಂದು ಪುಟ್ಟ ವೃತ್ತದ ಬಲದಿಂದಲೇ ಹಿಡಿಯುಳ್ಳ ಮೇಜಿನ ಖಾನೆಯಾಗುತ್ತದೆ; ‘ಬಾರ್’, ‘ಏಲ್’ ಎಂಬ ಅಕ್ಷರಗುಚ್ಛಗಳು ಇದು ಪಾನಗೃಹದ ನೋಟವೆಂದು ತಿಳಿಸುತ್ತವೆ. ಪಟ್ಟಿಯ ಅಂಚಿನಲ್ಲಿ ನಿಲ್ಲದೆ ಇದ್ದಿಲಿನ ಗೆರೆಗಳು ಅದರ ಮೇಲೂ ಹಾದುಹೋಗುವುದರಿಂದ, ಆಕಾರ ಹೇಳುವ ಹೊಣೆ ಗೆರೆಗೂ, ಬಣ್ಣ ಮತ್ತು ಮೈವಳಿಕೆಯನ್ನು ತಿಳಿಸುವ ಹೊಣೆ ಕಾಗದಕ್ಕೂ ಬೇರೆಬೇರೆಯಾಗಿ ಹಂಚಿಹೋಗುತ್ತವೆ.

ಓಕ್ ಮರದ ಎಳೆಗಳನ್ನು ಕೈಯಾರೆ ಮೂಡಿಸಬಲ್ಲವನಾಗಿದ್ದ ಬ್ರಾಕ್, ಅದೇ ಕೈಚಳಕದ ಯಂತ್ರಮುದ್ರಿತ ಅನುಕರಣೆಯನ್ನು ಕೊಂಡು ಅಂಟಿಸಿದ್ದು ಗಮನಾರ್ಹ. ಗೋಡೆಯ ಮೇಲೆ ಮರವೆಂದು ನಂಬಿಸುವುದು ಮನೆತನದ ಕಸುಬಾಗಿದ್ದರೆ, ಇಲ್ಲಿ ಕಾಗದವು ಕಾಗದವಾಗಿಯೇ ಉಳಿದು ಮರದ ಮಾತನ್ನಾಡುತ್ತದೆ. ಬಣ್ಣಗಾರನ ಕಸುಬನ್ನು ಕಲೆಗಿಂತ ಕೆಳಗಿರಿಸಿದ್ದ ಅಕಾಡೆಮಿಯ ಶ್ರೇಣಿಗೆ ಈ ಕೃತಿ ಕೊಡುವ ಉತ್ತರ ಚಿತ್ರದ ಆ ಕೆಳಗಿನ ಪಟ್ಟಿಯಲ್ಲೇ ಇದೆ: ಕಲಾಚರಿತ್ರೆ ಹೊಸ ಅಧ್ಯಾಯವೊಂದನ್ನು ಆರಂಭಿಸಿದ್ದು ಲೆ ಹಾವ್ರ್‌ನ ಯಾವುದೇ ಬಣ್ಣಗಾರನೂ ಗುರುತಿಸಬಹುದಾಗಿದ್ದ ಓಕ್ ಮರದ ಎಳೆಗಳಿಂದ.